ಶಾಲೆ ಮಾಸ್ತರರು, ಭಾನುವಾರದ ಉಪದೇಶಿ

ಪ್ರಶ್ನೆ: ಬೆಟಗೇರಿಯಲ್ಲಿ ಮಾಸ್ತರರಾಗಿದ್ದ ನಮ್ಮಜ್ಜ ಪಾದ್ರಿಯಲ್ಲದಿದ್ದರೂ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದರು. ಅವರ ಬಗ್ಗೆ ಏನು ಬರೆದಿಡಲಿ?

ಉತ್ತರ: ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಗದಗ ಪಕ್ಕದ ಬೆಟಗೇರಿಗೆ ಬಂತು. ಚರ್ಚಿನ ಸಭೆಯ ಜೊತೆಗೇ ಕನ್ನಡ ಶಾಲೆಗಳೂ ಶುರುವಾದವು. ಪಾದ್ರಿಗಳು ಕಡಿಮೆ, ಊರುಗಳು ಜಾಸ್ತಿ. ಹೀಗೆ ಎಷ್ಟೋ ಮಾಸ್ತರರು ಉಪದೇಶಿಗಳೂ ಆದರು.

ನನಗೆ ಅಕ್ಷರ ಕಲಿಸಿದವರೂ ಅಂಥವರೇ. ವಾರವೆಲ್ಲ ಬೆರಳಿಗೆ ಬಳಪದ ಪುಡಿ, ಭಾನುವಾರ ಅದೇ ಬೆರಳು ಬೈಬಲಿನ ಸಾಲಿನ ಮೇಲೆ. ನನಗೆ 'ಳ' ಬರುತ್ತಿರಲಿಲ್ಲ. ಕೈ ಹಿಡಿದು ಪಾಟಿ ಮೇಲೆ ತಿದ್ದಿಸುತ್ತಿದ್ದರು. ಅವರ ಉಪದೇಶ ಒಂದೂ ನೆನಪಿಲ್ಲ, ಆ ಕೈಯ ಬಿಸುಪು ಇನ್ನೂ ಇದೆ.

ಬರೀ ತಾರೀಖು ಸಾಲದು, ಅಲ್ವಾ? ಅಜ್ಜನ ಹಳೇ ವಿದ್ಯಾರ್ಥಿಗಳನ್ನು ಈ ವಾರವೇ ಕಂಡು ಕೇಳಿ. ಅಜ್ಜನ ಬೈಬಲ್ ಮನೆಯಲ್ಲಿದ್ದರೆ ಅಂಚಿನ ಪೆನ್ಸಿಲ್ ಗುರುತುಗಳನ್ನು ಮೊದಲು ಬರೆದುಕೊಳ್ಳಿ. ಪೆನ್ಸಿಲ್ ಗುರುತು ಉಜ್ಜಿದರೆ ಅಳಿಸಿಹೋಗುತ್ತದೆ.