ವಿಕಾಸವಾದ ಒಪ್ಪಿದರೆ ಚರ್ಚ್ ಬಿಡಬೇಕಾ?

ಆರು ದಿನದಲ್ಲಿ ಸೃಷ್ಟಿ ಆಯಿತು ಅನ್ನೋದನ್ನು ನಂಬಲು ಆಗುತ್ತಿಲ್ಲ, ಹಾಗಾದರೆ ನಾನು ಇನ್ನೂ ಕ್ರೈಸ್ತನಾ ಅಂತ ಕೇಳಿದ್ದೀರಿ. ಖಂಡಿತ ಹೌದು. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಪಕ್ಕಪಕ್ಕ ಇಟ್ಟು ನಿಧಾನವಾಗಿ ಓದಿ. ಒಂದನೆಯದರಲ್ಲಿ ಪ್ರಾಣಿಗಳು ಮೊದಲು, ಮನುಷ್ಯರು ಕೊನೆಗೆ, ಅದೂ ಗಂಡು ಹೆಣ್ಣು ಇಬ್ಬರೂ ಒಟ್ಟಿಗೆ. ಎರಡನೆಯದರಲ್ಲಿ ಮೊದಲು ಗಂಡಸು, ಆಮೇಲೆ ಪ್ರಾಣಿಗಳು, ಕೊನೆಗೆ ಹೆಂಗಸು. ಎರಡನ್ನೂ ಹಾಗೆಯೇ ಉಳಿಸಿಕೊಂಡವರಿಗೆ ಈ ವ್ಯತ್ಯಾಸ ಕಾಣಲಿಲ್ಲ ಅಂತೀರಾ? ಅವರು ವಿಜ್ಞಾನದ ಪಾಠ ಬರೆಯುತ್ತಿರಲಿಲ್ಲ, ಅಷ್ಟೇ. ಸೃಷ್ಟಿಯ ದಿನಗಳು ನಮ್ಮ ದಿನಗಳಂಥವಲ್ಲ ಅಂತ ಡಾರ್ವಿನ್‌ಗಿಂತ ಸಾವಿರಕ್ಕೂ ಜಾಸ್ತಿ ವರ್ಷ ಮೊದಲೇ ಕ್ರೈಸ್ತ ಚಿಂತಕ ಸಂತ ಅಗಸ್ಟೀನ್ ಹೇಳಿದ್ದರು. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಜಾರ್ಜ್ ಲೆಮೇತ್ರ್ ಒಬ್ಬ ಕ್ಯಾಥೊಲಿಕ್ ಪಾದ್ರಿ. ಅವರೇನೂ ಚರ್ಚ್ ಬಿಡಲಿಲ್ಲ ಅಲ್ವಾ?

ಇನ್ನು ಸಂಶಯದ ವಿಷಯ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಕಾಯಿಲೆ ಮಗನನ್ನು ಕರೆತಂದ ಅಪ್ಪ, ನಂಬುತ್ತೇನೆ, ಆದರೆ ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಅಂತ ಯೇಸುವಿನ ಮುಂದೆ ಅಂಗಲಾಚುತ್ತಾನೆ. ಯೇಸು ಅವನನ್ನು ವಾಪಸ್ ಕಳಿಸುವುದಿಲ್ಲ, ಮಗನನ್ನು ಗುಣಪಡಿಸುತ್ತಾನೆ.

ಆದರೂ ನಿಮ್ಮ ಚರ್ಚಿನ ಸಭೆಯಲ್ಲಿ ಪ್ರಶ್ನೆ ಕೇಳಿದರೇ ಮುಖ ಸಿಂಡರಿಸುತ್ತಾರೆ ಅಂದರೆ ಕಷ್ಟ. ಎಲ್ಲರ ಮುಂದೆ ವಾದಕ್ಕೆ ಇಳಿಯಬೇಡಿ, ಪ್ರಯೋಜನ ಇಲ್ಲ. ನಿಮಗೆ ಭರವಸೆ ಇರುವ ಒಬ್ಬರ ಹತ್ತಿರ ಮಾತಾಡಿ. ಅದೂ ಆಗದಿದ್ದರೆ ಬೇರೆ ಸಭೆ ನೋಡಿ, ಮನೆಯವರು ಬೇಜಾರಾದರೂ ಪರವಾಗಿಲ್ಲ.