ಇಂಗ್ಲೆಂಡಿನ ಹಳೇ ಹುಲ್ಲುಚಾವಣಿ ಮನೆಗಳ ಮಾಡು ಅಷ್ಟೊಂದು ಕಡಿದಾಗಿರುವುದು ಯಾಕೆ? ಮಳೆಗೆ ಸೋರಲ್ವಾ?

ಸೋರುವುದಿಲ್ಲ, ಅದಕ್ಕೆ ಕಾರಣವೇ ಆ ಕಡಿದಾದ ಇಳಿಜಾರು. ಹುಲ್ಲು ತಾನಾಗಿ ನೀರು ತಡೆಯುವ ವಸ್ತುವಲ್ಲ. ಆದರೆ ಮಾಡು ಸುಮಾರು 50 ಡಿಗ್ರಿ ಓರೆಯಾಗಿದ್ದರೆ ಮಳೆಹನಿ ಒಳಗೆ ಇಳಿಯುವ ಮೊದಲೇ ಒಂದು ಕಡ್ಡಿಯ ತುದಿಯಿಂದ ಕೆಳಗಿನ ಕಡ್ಡಿಗೆ ಜಾರುತ್ತಾ ಸೂರಿನವರೆಗೂ ಹೋಗಿ ತೊಟ್ಟಿಕ್ಕುತ್ತದೆ, ಹಾಗಾಗಿ ಒಂದಡಿ ದಪ್ಪದ ಹೊದಿಕೆಯಲ್ಲಿ ನೆನೆಯುವುದು ಮೇಲಿನ ಒಂದೆರಡು ಇಂಚು ಮಾತ್ರ. ಇಳಿಜಾರು ಕಮ್ಮಿಯಾದರೆ ನೀರು ನಿಧಾನಕ್ಕೆ ಹರಿದು ಹುಲ್ಲು ಬೇಗ ಕೊಳೆಯುತ್ತದೆ.

ಸೂರು ಗೋಡೆಯಿಂದ ಅಷ್ಟು ಮುಂದಕ್ಕೆ ಚಾಚಿರುವುದೂ ಸುಮ್ನೆ ಅಲ್ಲ. ಇಂಥ ಮನೆಗಳ ಸೂರಿಗೆ ಸಾಮಾನ್ಯವಾಗಿ ನೀರು ಹಿಡಿಯುವ ದೋಣಿ, ಪೈಪು ಇರುವುದಿಲ್ಲ, ಹಾಗಾಗಿ ತೊಟ್ಟಿಕ್ಕುವ ನೀರು ಗೋಡೆಗೆ ತಾಗದೆ ದೂರ ಬೀಳಬೇಕು. ನೈಋತ್ಯ ಇಂಗ್ಲೆಂಡಿನ ಡೆವನ್ ಕಡೆ ಇಂಥ ಹಲವು ಮನೆಗಳ ಗೋಡೆಗಳಂತೂ ಮಣ್ಣಿಗೆ ಒಣಹುಲ್ಲು ಕಲಸಿ, ತುಳಿದು ಕಟ್ಟಿದವು. ಚೆನ್ನಾಗಿ ನೆಂದರೆ ಕುಸಿಯುತ್ತವೆ, ಅದಕ್ಕೇ ಬುಡಕ್ಕೆ ಕಲ್ಲು, ಮೇಲೆ ಉದ್ದನೆಯ ಸೂರು.

ನನಗೆ ಜಾಸ್ತಿ ಇಷ್ಟವಾಗುವ ಸಂಗತಿ ಬೇರೆ. ಅಲ್ಲಿ ಹಳೇ ಹುಲ್ಲನ್ನು ಪೂರ್ತಿ ಕೀಳದೆ ಮೇಲೆ ಹೊಸ ಪದರ ಹೊದಿಸುವ ರೂಢಿ ಇತ್ತು. ಹಾಗಾಗಿ ಡೆವನ್‌ನ ಕೆಲವು ಮನೆಗಳಲ್ಲಿ ತೀರಾ ಕೆಳಗಿನ ಪದರ ಇವತ್ತಿಗೂ ಮಸಿ ಹಿಡಿದು ಕಪ್ಪಗಿದೆ. ಅದು ಚಿಮಣಿ ಬರುವ ಮೊದಲು, ನಡುಮನೆಯಲ್ಲೇ ಬೆಂಕಿ ಹಾಕುತ್ತಿದ್ದ ಮಧ್ಯಯುಗದ ಹೊಗೆ.