ಕಾರಿನ ಶಾಕ್ ಅಬ್ಸಾರ್ಬರ್‌ನಲ್ಲಿ ಆಯಿಲ್ ಇದ್ದರೂ ಗ್ಯಾಸ್ ಯಾಕೆ ಬೇಕು?

ಕುಲುಕಾಟ ತಡೆಯುವುದು ಆಯಿಲ್. ಆ ಆಯಿಲ್ ನೊರೆಯಾಗದಂತೆ ಒತ್ತಿ ಹಿಡಿಯುವುದು ಗ್ಯಾಸ್.

ಗುಂಡಿಗೆ ಇಳಿದಾಗ ಕುಗ್ಗಿದ ಸ್ಪ್ರಿಂಗ್ ಮತ್ತೆ ಮತ್ತೆ ಪುಟಿಯುತ್ತದೆ. ಆಗ ಶಾಕ್ ಒಳಗಿನ ಪಿಸ್ಟನ್ ಆಯಿಲ್‌ನಲ್ಲಿ ಮೇಲೆ ಕೆಳಗೆ ಓಡಾಡುತ್ತದೆ. ಆಯಿಲ್ ಪಿಸ್ಟನ್‌ನ ಸಣ್ಣ ತೂತು, ವಾಲ್ವ್‌ಗಳಲ್ಲಿ ನುಸುಳಬೇಕು. ಆ ತಡೆಯಲ್ಲಿ ಪುಟಿಯುವ ಶಕ್ತಿ ಶಾಖವಾಗಿ ಹೋಗುತ್ತದೆ.

ಪಿಸ್ಟನ್ ಜೋರಾಗಿ ಓಡಿದರೆ ಅದರ ಹಿಂದೆ ಒತ್ತಡ ಕುಸಿದು ಆಯಿಲ್‌ನಲ್ಲಿ ಗುಳ್ಳೆ ಏಳುತ್ತವೆ. ಗುಳ್ಳೆಗಳು ಸುಲಭವಾಗಿ ಕುಗ್ಗುವುದರಿಂದ ತಡೆ ಸಡಿಲವಾಗುತ್ತದೆ. ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಇದನ್ನು ತಪ್ಪಿಸುತ್ತದೆ. ಮೊನೊಟ್ಯೂಬ್ (ಒಂದೇ ಕೊಳವೆಯ) ಶಾಕ್‌ನಲ್ಲಿ ಈ ಒತ್ತಡ ಸಾಮಾನ್ಯವಾಗಿ 20-30 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು 20-30 ಪಟ್ಟು. ಒಳಬರುವ ಪಿಸ್ಟನ್ ರಾಡ್‌ಗೆ ಜಾಗ ಬಿಡುವುದೂ ಗ್ಯಾಸೇ, ಏಕೆಂದರೆ ಆಯಿಲ್ ಕುಗ್ಗುವುದಿಲ್ಲ.

ಶಾಕ್ ಮೈಮೇಲೆ ಆಯಿಲ್ ಹರಿದಿದ್ದರೆ ಸೀಲ್ ಹೋಗಿದೆ; ಎಡ-ಬಲ ಎರಡನ್ನೂ ಒಟ್ಟಿಗೆ ಬದಲಿಸಿ.